ಕಾನೂನು ಸಲಹೆ: ಗ್ರೂಪಿನಲ್ಲಿ ಬಂದ ಮೆಸೇಜಿಗೆ ಮಾಲೀಕರು ಹೊಣೆಯೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು 40 ಜನರ ಬಿಡಿಭಾಗ ತಯಾರಿಕಾ ಘಟಕ. ಶಿಫ್ಟ್ ತಿಳಿಸಲು ಮಾಡಿಕೊಂಡ ವಾಟ್ಸಾಪ್ ಗ್ರೂಪಿಗೆ ಸೂಪರ್‌ವೈಸರ್ ಒಬ್ಬರು ರಾತ್ರಿ 11ಕ್ಕೆ ಸಹೋದ್ಯೋಗಿ ಮಹಿಳೆಯ ಫೋಟೊ ಹಾಕಿ ಅಶ್ಲೀಲವಾಗಿ ಬರೆದಿದ್ದಾರೆ. ಅಡ್ಮಿನ್ ನಾನೇ. ಫೋನು ಅವರದು, ಡ್ಯೂಟಿಯೂ ಮುಗಿದಿತ್ತು. ನಮಗೆ ತೊಂದರೆಯಿದೆಯೇ? ಅವರನ್ನು ನಾಳೆಯೇ ತೆಗೆಯಬಹುದೇ?

ಉತ್ತರ: ಅಡ್ಮಿನ್ ಆದ ಮಾತ್ರಕ್ಕೆ ಇನ್ನೊಬ್ಬರು ಹಾಕಿದ್ದಕ್ಕೆ ನೀವು ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನೋಡಿಯೂ ಸುಮ್ಮನಿದ್ದರೆ ಮಾತ್ರ ತೊಂದರೆ ಶುರು. ಶಿಫ್ಟ್ ತಿಳಿಸುವ ಗ್ರೂಪು ಕೆಲಸದ ಗ್ರೂಪೇ. ‘ಡ್ಯೂಟಿ ಮುಗಿದಿತ್ತು’ ಎಂಬ ವಾದ ನಿಲ್ಲುವುದು ಕಷ್ಟ.

10 ಜನರಿದ್ದರೂ ಸಾಕು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆಯಂತೆ, ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು: ಅಧ್ಯಕ್ಷೆಯಾಗಿ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಇಬ್ಬರು ಸಿಬ್ಬಂದಿ, ಹೊರಗಿನವರೊಬ್ಬರು, ಒಟ್ಟಾರೆ ಅರ್ಧದಷ್ಟಾದರೂ ಮಹಿಳೆಯರು. ಸಮಿತಿ ಇಲ್ಲದಿದ್ದರೆ ಅದಕ್ಕೇ 50,000 ರೂಪಾಯಿವರೆಗೆ ದಂಡ. ಫೋಟೊದಲ್ಲಿರುವ ಮಹಿಳೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು; ಬರೆಯಲಾಗದಿದ್ದರೆ ಸಮಿತಿ ನೆರವಾಗಬೇಕು. ವಿಚಾರಣೆಗೆ 90 ದಿನ, ವರದಿಗೆ 10, ಶಿಫಾರಸಿನ ಮೇಲಿನ ಕ್ರಮಕ್ಕೆ 60. ಸೂಪರ್‌ವೈಸರ್ ಮಾತು ಕೇಳದೆ ನಾಳೆಯೇ ತೆಗೆದರೆ ಕೇಸು ನಿಮ್ಮ ಮೇಲೇ ತಿರುಗೀತು.

ಗಾಬರಿಯಲ್ಲಿ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿಬಿಡಬೇಡಿ, ಸಾಕ್ಷ್ಯವೇ ಹೋಗುತ್ತದೆ. ಕಳಿಸಿದವರ ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ‘ಎಕ್ಸ್‌ಪೋರ್ಟ್ ಚಾಟ್’ನಲ್ಲಿ ಮೀಡಿಯಾ ಸಮೇತ ಉಳಿಸಿ, ಆ ಫೋನನ್ನು ಫಾರ್ಮ್ಯಾಟ್ ಮಾಡದೆ ಇಟ್ಟುಕೊಳ್ಳಿ. ಇಷ್ಟಾದ ಮೇಲೆ ಮೆಸೇಜು ಅಳಿಸಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಗುರುತು ಸಂಕೇತ) ನಮೂದಾಗಬೇಕು. ಸ್ಕ್ರೀನ್‌ಶಾಟನ್ನು ಮ್ಯಾನೇಜರುಗಳ ಗ್ರೂಪಿಗೆ ಹಾಕಿ ‘ನೋಡಿ ಸಾರ್’ ಎನ್ನುವವರಿದ್ದಾರೆ. ದೂರು ಬಂದ ಮೇಲೆ ಆಕೆಯ ಹೆಸರು, ವಿವರ ಹೊರಗೆ ಬಿಡುವುದು ಪಾಶ್ ಕಾಯ್ದೆಯ 16ನೇ ಕಲಮಿನ ಉಲ್ಲಂಘನೆ.

ಪ್ರಶ್ನೆ: ‘ಇಲ್ಲಿ ಸಂಬಳವೇ ಸರಿಯಾಗಿ ಬರಲ್ಲ’ ಎಂದು ಆಪರೇಟರ್ ಒಬ್ಬ ಮಷಿನ್ ಮುಂದಿನ ಸೆಲ್ಫಿ ಜೊತೆ ಫೇಸ್‌ಬುಕ್ಕಿನಲ್ಲಿ ಹಾಕಿದ್ದಾನೆ. ಕೇಸು ಹಾಕಬಹುದೇ?

ಉತ್ತರ: ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಹಾಕಿದ್ದೀರಾ, ಮೊದಲು ಅದನ್ನು ನೋಡಿಕೊಳ್ಳಿ. ಇಲ್ಲವಾದರೆ ಆತ ಬರೆದದ್ದು ನಿಜ, ಮಾನನಷ್ಟದ ಮಾತು ಬಿಡಿ. ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾಗಿ ಬರೆಯುವುದನ್ನು ಅಪರಾಧ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮಿನ ಹೆಸರಿನಲ್ಲಿ ಈಗಲೂ ನೋಟಿಸು ಕೊಡುವವರಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ. ಬದಲಿಗೆ ಆ ಸೆಲ್ಫಿಯನ್ನು ದೊಡ್ಡದು ಮಾಡಿ ನೋಡಿ. ಹಿಂದೆ ಗ್ರಾಹಕರ ಡ್ರಾಯಿಂಗು ಓದುವಂತೆ ಕಾಣುತ್ತಿದ್ದು, ಗೋಪ್ಯತೆಯ ಒಪ್ಪಂದಕ್ಕೆ ನೀವು ಸಹಿ ಹಾಕಿದ್ದರೆ, ಗ್ರಾಹಕರು ಬಂದು ಕೇಳುವುದು ನಿಮ್ಮನ್ನೇ. ಫೋಟೊ ಇವತ್ತೇ ತೆಗೆಸಿ.