ಮಳೆಗಾಲದಲ್ಲಿ ತೋಟದ ದಾರೀಲಿ ಕಾರು ಕೆಸರಲ್ಲಿ ಹೂತ್ರೆ ಹೇಗೆ ತೆಗೆಯೋದು?

ಮೊದ್ಲು ಆಕ್ಸಿಲರೇಟರಿಂದ ಕಾಲು ತೆಗೀರಿ. ಚಕ್ರ ಗಿರಗಿರ ತಿರುಗಿದಷ್ಟೂ ಗಾಡಿ ಒಳಗೇ ಇಳಿಯುತ್ತೆ, ಹೊಟ್ಟೆ ನೆಲಕ್ಕೆ ಕೂತ್ರೆ ಟ್ರ್ಯಾಕ್ಟರೇ ಬರ್ಬೇಕು. ಇಳಿದು ಚಕ್ರದ ಮುಂದಿನ ಕೆಸರು ಗುದ್ದಲೀಲಿ ಎಳೆದು, ಇಂಜಿನ್ ತಿರುಗಿಸೋ ಚಕ್ರಗಳ ಕೆಳಗೆ (ಸಣ್ಣ ಕಾರಲ್ಲಿ ಬಹುತೇಕ ಮುಂದಿನವೇ) ಕಲ್ಲು, ಗೋಣಿಚೀಲ, ಅಡಿಕೆ ಸೋಗೆ ಏನ್ ಸಿಕ್ತೋ ಅದನ್ನ ತುರುಕಿ, ಟೈರ್ ಗಾಳಿ 20 ಪಿಎಸ್‌ಐವರೆಗೆ ಇಳಿಸಿ, ಸ್ಟೇರಿಂಗ್ ನೇರ ಇಟ್ಕೊಂಡು ಸೆಕೆಂಡ್ ಗೇರಲ್ಲಿ ಮೆಲ್ಲಗೆ ಬಿಡಿ. ಟಾರ್ ರೋಡಿಗೆ ಬಂದ್ಮೇಲೆ ಗಾಳಿ ತುಂಬಿಸ್ಕೊಳ್ಳಿ, ಅಲ್ಲೀವರೆಗೆ ನಿಧಾನ.

ಎಳೆಸೋದಾದ್ರೆ ಹಗ್ಗ ಟೋ ಹುಕ್ಕಿಗೇ (ಗಾಡಿ ಎಳೆಯೋಕಂತಲೇ ಇರೋ ಕೊಕ್ಕೆ) ಕಟ್ಟಿ, ಬಂಪರಿಗಲ್ಲ. ನಂಗೆ ಭಯ ಆಗೋದು ಇಲ್ಲೇ, ಹಗ್ಗವೋ ಕೊಕ್ಕೆಯೋ ಕಿತ್ರೆ ಗುಂಡಿನ ಹಾಗೆ ಹಾರುತ್ತೆ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಬಾರ್ದು, ವಿಡಿಯೋ ಮಾಡೋ ಹುಡುಗರನ್ನಂತೂ ಮೊದ್ಲು ಓಡಿಸಿ. ಹಗ್ಗದ ಮಧ್ಯಕ್ಕೆ ಒಂದು ಒದ್ದೆ ಗೋಣಿ ಹೊದಿಸಿ.