ಬ್ರೇಕ್ ಕಾದಿದ್ದರೆ ವಿಮಾನ ಏಳುವಂತಿಲ್ಲ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದೆವು. ಎಲ್ಲರೂ ಹತ್ತಿ, ಬಾಗಿಲು ಹಾಕಿದ ಮೇಲೆ ‘ಬ್ರೇಕ್ ಆರಬೇಕು’ ಎಂದು ಅರ್ಧ ಗಂಟೆ ಕೂರಿಸಿದರು. ಹಾರುವ ವಿಮಾನಕ್ಕೆ ಬ್ರೇಕ್ ಬಿಸಿಯಿದ್ದರೆ ಏನು ತೊಂದರೆ? ಟಯರಿಗೆ ನೈಟ್ರೋಜನ್ ಏಕೆ ಎಂಬುದನ್ನೂ ತಿಳಿಸಿ. – ಓದುಗರು, ರಾಜಾಜಿನಗರ

ಉತ್ತರ: ಕೂರಿಸಿದ್ದೇ ಸರಿ. ಏರ್‌ಬಸ್ ಎ320 ವಿಮಾನಕ್ಕೆ ಆರು ಚಕ್ರ. ಬ್ರೇಕ್ ಇರುವುದು ರೆಕ್ಕೆಯ ಬುಡದ ನಾಲ್ಕಕ್ಕೆ ಮಾತ್ರ, ಮೂತಿಯ ಎರಡಕ್ಕಿಲ್ಲ. ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ನೆಲ ಮುಟ್ಟುವ 60 ಟನ್ ಆಸುಪಾಸಿನ ಭಾರವನ್ನು ಇಂಜಿನ್ನಿನ ರಿವರ್ಸ್ ಜೊತೆಗೆ ಈ ನಾಲ್ಕೇ ಕಾರ್ಬನ್ ಬ್ರೇಕುಗಳು ತಡೆಯಬೇಕು. ಬ್ರೇಕ್ ತಡೆದ ಶಕ್ತಿಯೆಲ್ಲ ಶಾಖವಾಗಿ ಅದರಲ್ಲೇ ಉಳಿಯುತ್ತದೆ. ವಿಮಾನ ನಿಂತ ಕೂಡಲೇ ಅದು ಇಳಿಯುವುದಿಲ್ಲ. ಒಳಗಿನ ಬಿಸಿ ಹೊರಕ್ಕೆ ಹರಡುವುದರಿಂದ ನಿಂತ ಹತ್ತು ಹದಿನೈದು ನಿಮಿಷ ಕಾಕ್‌ಪಿಟ್ಟಿನಲ್ಲಿ ಕಾಣುವ ಅಂಕಿ ಏರುತ್ತಲೇ ಹೋಗಬಹುದು. ಅಷ್ಟರಲ್ಲಿ ನೀವು ಹತ್ತಲು ಶುರುಮಾಡಿರುತ್ತೀರಿ.

ಎ320ರಲ್ಲಿ ಟೇಕಾಫ್‌ಗೆ ಮಿತಿ 300 ಡಿಗ್ರಿ ಸೆಲ್ಸಿಯಸ್. ಬ್ರೇಕ್ ತಣಿಸುವ ಫ್ಯಾನ್ ಓಡುತ್ತಿದ್ದರೆ ಮಿತಿ 150. ಫ್ಯಾನಿನ ಗಾಳಿ ಸೆನ್ಸರನ್ನೂ ತಣಿಸುವುದರಿಂದ ತೋರುವ ಅಂಕಿ ನಿಜಕ್ಕಿಂತ ಕಡಿಮೆಯಿರುತ್ತದೆ, ಅದಕ್ಕೇ ಈ ಕಡಿತ. ಮಿತಿ ಏಕೆಂದರೆ, ಮೇಲೇರಿದ ಮೇಲೆ ಚಕ್ರಗಳು ಮಡಚಿಕೊಂಡು ಹೊಟ್ಟೆಯೊಳಗೆ ಸೇರುತ್ತವೆ. ಅಲ್ಲಿ ಹೈಡ್ರಾಲಿಕ್ ದ್ರವ ಸೋರಿ ಕಾದ ಬ್ರೇಕಿನ ಮೇಲೆ ಬಿದ್ದರೆ ಹೊತ್ತಿಕೊಳ್ಳಬಹುದು. ಇನ್ನೊಂದು ವಿಷಯ: ಟೇಕಾಫ್ ಓಟದ ನಡುವೆ ಏನೋ ಕೆಟ್ಟು ಪೈಲಟ್ ವಿಮಾನ ನಿಲ್ಲಿಸಲೇಬೇಕಾಗಿ ಬಂದರೆ, ಆ ಹೊತ್ತಿಗೆ ಬೇಕಾದಷ್ಟು ತಡೆಯುವ ಸಾಮರ್ಥ್ಯ ಮೊದಲೇ ಕಾದ ಬ್ರೇಕಿನಲ್ಲಿ ಉಳಿದಿರಲಿಕ್ಕಿಲ್ಲ.

ದೇವನಹಳ್ಳಿಯ ಎತ್ತರವೂ ಇದಕ್ಕೆ ಸೇರಿಕೊಳ್ಳುತ್ತದೆ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಗಾಳಿ ತೆಳುವಾದ್ದರಿಂದ ಮೀಟರಿನಲ್ಲಿ ಚೆನ್ನೈಯಷ್ಟೇ ವೇಗ ತೋರಿಸಿದರೂ ನೆಲದ ಮೇಲಿನ ನಿಜವಾದ ವೇಗ ಶೇ. 4–5ರಷ್ಟು ಹೆಚ್ಚು. ಹೀಗಾಗಿ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು ಶೇ. 9ರಷ್ಟು ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಇನ್ನೂ ಸ್ವಲ್ಪ ಹೆಚ್ಚು. 4000 ಮೀಟರ್ ರನ್‌ವೇ ಇರುವುದು ಇಲ್ಲಿ ದೊಡ್ಡ ಅನುಕೂಲ. ಪೈಲಟ್ ಮೆಲ್ಲಗೆ ಬ್ರೇಕ್ ಹಾಕಿ ದೂರ ಓಡಿಸಬಹುದು. ಹತ್ತಿರದ ತಿರುವಿನಲ್ಲೇ ಹೊರಬರಬೇಕಾಗಿ ಬಂದು ಜೋರಾಗಿ ಒತ್ತಿದರೆ ಮುಂದಿನ ಫ್ಲೈಟಿನವರು ಕಾಯಬೇಕಾಗುತ್ತದೆ.

ಟಯರಿನ ವಿಷಯ. ಒತ್ತಡ ಸುಮಾರು 200 ಪಿಎಸ್‌ಐ. ನಿಮ್ಮ ಕಾರಿನದು 32–35. ದೊಡ್ಡ ವಿಮಾನಗಳ ಟಯರಿನಲ್ಲಿ ಆಮ್ಲಜನಕ ಶೇ. 5 ದಾಟಬಾರದು ಎಂಬುದು ನಿಯಮ, ಅದಕ್ಕೇ ಒಣ ನೈಟ್ರೋಜನ್. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಬೋಯಿಂಗ್ 727 ಬಿದ್ದು 167 ಮಂದಿ ಸತ್ತರು. ಬ್ರೇಕ್ ಅತಿಯಾಗಿ ಕಾದಿತ್ತು, ಟಯರಿಗೆ ತುಂಬಿದ್ದು ಮಾಮೂಲಿ ಗಾಳಿ. ಕಾದ ರಬ್ಬರಿನಿಂದ ಹೊರಟ ಆವಿಗೆ ಆ ಗಾಳಿಯ ಆಮ್ಲಜನಕ ಸೇರಿ, ಚಕ್ರ ಒಳಗೆ ಮಡಚಿಕೊಂಡಿದ್ದಾಗಲೇ ಟಯರ್ ಸ್ಫೋಟಿಸಿತು. ಇಂಧನ ಮತ್ತು ಹೈಡ್ರಾಲಿಕ್ ಕೊಳವೆಗಳು ಹರಿದವು. ಈಗಿನ ಚಕ್ರಗಳಲ್ಲಿ ಫ್ಯೂಸ್ ಪ್ಲಗ್ ಇರುತ್ತದೆ. ಮಿತಿ ಮೀರಿ ಕಾದರೆ ಅದು ಕರಗಿ ಗಾಳಿಯನ್ನು ಬಿಟ್ಟುಬಿಡುತ್ತದೆ, ಟಯರ್ ಒಡೆಯುವುದಿಲ್ಲ. ಆದರೂ ಕಾದ ಚಕ್ರದ ಬಳಿಗೆ ನೆಲದ ಸಿಬ್ಬಂದಿ ಪಕ್ಕದಿಂದ ಹೋಗುವುದಿಲ್ಲ. ಮುಂದಿನಿಂದಲೋ ಹಿಂದಿನಿಂದಲೋ ಮಾತ್ರ ಹೋಗಿ ಅಡ್ಡಗಟ್ಟೆ ಇಡುತ್ತಾರೆ.

ಟಯರಿನ ಒತ್ತಡವನ್ನು ಅಳೆಯುವುದು ಅದು ಪೂರ್ತಿ ತಣ್ಣಗಾದ ಮೇಲೆಯೇ. ನಿಗದಿತ ಒತ್ತಡದ ಶೇ. 90ಕ್ಕಿಂತ ಕೆಳಗಿದ್ದರೆ ಆ ಟಯರನ್ನು ತೆಗೆಯಬೇಕು. ಶೇ. 80ಕ್ಕಿಂತ ಕೆಳಗಿದ್ದರೆ ಅದೇ ಅಚ್ಚಿನ (ಆಕ್ಸಲ್) ಜೋಡಿ ಟಯರನ್ನೂ ತೆಗೆಯಬೇಕು. ಇದರ ಪಾಲಿನ ಭಾರವನ್ನು ಅದು ಹೊತ್ತಿರುತ್ತದೆ, ಒಳಗೆ ಪೆಟ್ಟಾಗಿದ್ದರೆ ಹೊರಗಿನಿಂದ ಕಾಣದು.

ಪ್ರಶ್ನೆ: ಕಿಟಕಿಯ ಕೆಳಭಾಗದಲ್ಲಿ ಸಣ್ಣ ತೂತು ಇರುತ್ತದೆ. ಭಯವಾಗುತ್ತದೆ. – ಓದುಗರು, ಬಸವನಗುಡಿ

ಉತ್ತರ: ಭಯ ಬೇಡ. ಕಿಟಕಿಗೆ ಮೂರು ಪದರ. ಒತ್ತಡ ತಡೆಯುವುದು ಹೊರಗಿನದು. ನಡುವಿನದು ಅದಕ್ಕೆ ಬದಲಿ, ತೂತಿರುವುದು ಅದರಲ್ಲೇ. ನಿಮ್ಮ ಕೈ ತಾಗುವ ಒಳಪದರ ಗೀರು ಬೀಳದಿರಲಿ ಎಂದು ಇಟ್ಟದ್ದು. ತೂತಿನಿಂದಾಗಿ ಎರಡು ಪದರಗಳ ನಡುವೆಯೂ ಕ್ಯಾಬಿನ್ನಿನ ಒತ್ತಡವೇ ಇರುತ್ತದೆ, ಕಿಟಕಿ ಮಬ್ಬಾಗುವುದೂ ತಪ್ಪುತ್ತದೆ. ಅದರ ಸುತ್ತ ಹಿಮದ ಹರಳು ಕಂಡರೆ ಅದೂ ಸಹಜ.

ಪ್ರಶ್ನೆ: ಜನವರಿಯಲ್ಲಿ ಹೆಬ್ಬಾಳದಲ್ಲಿ ಆಕಾಶ ತಿಳಿಯಾಗಿತ್ತು, ವಿಮಾನ ನಿಲ್ದಾಣದಲ್ಲಿ ಮಂಜೆಂದು ಮೂರು ಗಂಟೆ ತಡ. ನಮ್ಮಲ್ಲಿ ಕ್ಯಾಟ್–3 ಇದೆ ಎನ್ನುತ್ತಾರಲ್ಲ? – ಓದುಗರು, ಹೆಬ್ಬಾಳ

ಉತ್ತರ: ದಕ್ಷಿಣದ ರನ್‌ವೇಗೆ ಕ್ಯಾಟ್–3ಬಿ, ಅಂದರೆ ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ದರ್ಜೆಯ, ಸೌಲಭ್ಯ ಇರುವುದು ನಿಜ. ಆದರೆ ರನ್‌ವೇ ಒಂದಕ್ಕೆ ಇದ್ದರೆ ಸಾಲದು. ವಿಮಾನಕ್ಕೆ ಆ ಸಲಕರಣೆ ಇರಬೇಕು, ಅದು ಆ ದಿನ ಕೆಲಸ ಮಾಡುತ್ತಿರಬೇಕು. ಇಬ್ಬರೂ ಪೈಲಟ್‌ಗಳು ಅದಕ್ಕೆ ತರಬೇತಾಗಿ, ಅವಧಿ ಮುಗಿಯದ ಅರ್ಹತೆ ಹೊಂದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ವಿಮಾನಕ್ಕೆ ಕೆಳಗಿನ ದರ್ಜೆಯ, ಹೆಚ್ಚಾಗಿ ಕ್ಯಾಟ್–1ರ, ಮಿತಿಯೇ ಗತಿ.

ಮಿತಿ ನೋಡುವುದು ರನ್‌ವೇ ಗೋಚರತೆಯನ್ನು, ಅಂದರೆ ಆರ್‌ವಿಆರ್ ಅನ್ನು. ರನ್‌ವೇ ಪಕ್ಕದ ಕಂಬದಿಂದ ಹೊರಟ ಬೆಳಕು ಎದುರಿನ ಕಂಬ ತಲುಪುವಷ್ಟರಲ್ಲಿ ಎಷ್ಟು ಕುಗ್ಗಿತು ಎಂದು ಅಳೆದು ಮೀಟರಿನಲ್ಲಿ ಹೇಳುತ್ತಾರೆ. ಇದಕ್ಕಾಗಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ‘ದೃಷ್ಟಿ’ ಉಪಕರಣ ದೇಶದ ಹಲವು ನಿಲ್ದಾಣಗಳಲ್ಲಿದೆ, ಹೆಮ್ಮೆಪಡಬೇಕಾದ ಕೆಲಸ. ಕ್ಯಾಟ್–1ಕ್ಕೆ ಸಾಮಾನ್ಯವಾಗಿ 550 ಮೀಟರ್ ಬೇಕು, ಕ್ಯಾಟ್–2ಕ್ಕೆ 300. ಕ್ಯಾಟ್–3ಬಿಯಲ್ಲಿ 50 ಮೀಟರಿನ ತನಕ ಇಳಿಯಬಹುದು, ಆಗ ಇಳಿಸುವುದು ಆಟೋಪೈಲಟ್. ಮೇಲೇಳುವುದಕ್ಕೆ ಬೇರೆ ಮಿತಿ, ಅದು 125 ಮೀಟರ್. ಹೀಗಾಗಿ ಬಂದ ವಿಮಾನ ಇಳಿಯುತ್ತಿದ್ದರೂ ನಿಮ್ಮದು ಹೊರಡದೇ ಇರಬಹುದು. ವಿಮಾನ ನೆಲದಿಂದ 1000 ಅಡಿಗೆ ಬರುವ ಮೊದಲೇ ಆರ್‌ವಿಆರ್ ಮಿತಿಗಿಂತ ಕುಸಿದರೆ ಪೈಲಟ್ ಅದಕ್ಕಿಂತ ಕೆಳಗೆ ಬರುವಂತಿಲ್ಲ.

ಎಲ್ಲ ಅರ್ಹತೆ ಇದ್ದರೂ ನಿಧಾನ ತಪ್ಪುವುದಿಲ್ಲ. ಇಳಿಯುವ ವಿಮಾನಕ್ಕೆ ದಾರಿ ತೋರಿಸುವ ರೇಡಿಯೋ ಕಿರಣ ಎದುರಿಗೆ ನಿಂತ ಲೋಹದ ಮೈಗೆ ತಾಗಿ ವಕ್ರವಾಗುತ್ತದೆ. ಆದ್ದರಿಂದ ಸರದಿಯ ವಿಮಾನಗಳನ್ನು ರನ್‌ವೇಯಿಂದ ದೂರ ನಿಲ್ಲಿಸುತ್ತಾರೆ, ಇಳಿಯುವವುಗಳ ನಡುವಿನ ಅಂತರ ಹೆಚ್ಚಿಸುತ್ತಾರೆ. ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ತಗ್ಗುತ್ತದೆ. ಮೇಲೆ ಸುತ್ತುತ್ತಿರುವವರು ಬದಲಿ ನಿಲ್ದಾಣಕ್ಕೆ, ಹೆಚ್ಚಾಗಿ ಚೆನ್ನೈ ಅಥವಾ ಹೈದರಾಬಾದಿಗೆ, ಹೋಗಲು ಬೇಕಾದ ಇಂಧನವನ್ನೂ ಅದರ ಮೇಲೆ 30 ನಿಮಿಷದ ಕೊನೆಯ ಮೀಸಲನ್ನೂ ಮುಟ್ಟುವಂತಿಲ್ಲ. ಇಂಧನ ಅಷ್ಟಕ್ಕೆ ಇಳಿದಾಗ ಹೊರಟುಬಿಡುತ್ತಾರೆ. ಹೋದಲ್ಲಿ ಪೈಲಟ್‌ಗಳ ದಿನದ ಕೆಲಸದ ಅವಧಿ ಮುಗಿದರೆ ಬೇರೆಯವರು ಬರಬೇಕು. ಮಂಜು ಎಂಟಕ್ಕೇ ಕರಗಿದರೂ ಮಧ್ಯಾಹ್ನದ ಫ್ಲೈಟ್ ತಡವಾಗುವುದು ಹೀಗೆ.

ನಗರದ ಒಳಗೆ ಕಟ್ಟಡಗಳ ಬಿಸಿಗೆ ಮಂಜು ಕೂರುವುದಿಲ್ಲ, ದೇವನಹಳ್ಳಿಯ ಬಯಲಿನಲ್ಲಿ ಕೂರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅದೇ ದಿನ ತಲುಪಲೇಬೇಕಾದ ಕೆಲಸವಿದ್ದರೆ ಹಿಂದಿನ ರಾತ್ರಿಯೇ ಹೊರಡಿ.

ಪ್ರಶ್ನೆ: ಗೇಟಿನಲ್ಲಿ ಎ.ಸಿ. ಇರಲಿಲ್ಲ. ಎಪಿಯು ಕೆಟ್ಟಿದೆ ಎಂದರು, ಆದರೂ ಹಾರಿಸಿದರು. ಇದು ಸರಿಯೇ? – ಓದುಗರು, ಯಲಹಂಕ

ಉತ್ತರ: ಸರಿ, ಬರಹದಲ್ಲಿ ಅನುಮತಿ ಇದ್ದರೆ. ಎಪಿಯು ಬಾಲದಲ್ಲಿರುವ ಪುಟ್ಟ ಇಂಜಿನ್. ನೆಲದ ಮೇಲೆ ವಿದ್ಯುತ್ತು, ಎ.ಸಿ. ಮತ್ತು ಇಂಜಿನ್ ಚಾಲೂ ಮಾಡುವ ಗಾಳಿ ಕೊಡುವುದು ಅದರ ಮುಖ್ಯ ಕೆಲಸ. ಅದಿಲ್ಲದಾಗ ನೆಲದ ಯಂತ್ರದ ಗಾಳಿಯಿಂದ ಗೇಟಿನಲ್ಲೇ ಒಂದು ಇಂಜಿನ್ ಚಾಲೂ ಮಾಡಿ, ಅದರ ಗಾಳಿಯಿಂದ ಇನ್ನೊಂದನ್ನು ಎಬ್ಬಿಸುತ್ತಾರೆ. ಮೈಸೂರಿನಂಥ ಊರುಗಳಿಗೆ ಹೋಗುವ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಕ್ಕಂತೂ ಎಪಿಯುವೇ ಇಲ್ಲ. ಅದರ ಬದಲು ಬಲಗಡೆಯ ಇಂಜಿನ್ ಓಡಿಸಿ, ಪ್ರೊಪೆಲ್ಲರನ್ನು ಮಾತ್ರ ಬ್ರೇಕಿನಲ್ಲಿ ಹಿಡಿದಿಡುತ್ತಾರೆ.

ಯಾವುದು ಕೆಟ್ಟರೆ ಹಾರಬಹುದು, ಎಷ್ಟು ದಿನ, ಯಾವ ಷರತ್ತಿನ ಮೇಲೆ ಎಂಬ ಪಟ್ಟಿಯೇ ಎಂಇಎಲ್. ‘ಬಿ’ ಗುಂಪಿನದನ್ನು 3 ದಿನದಲ್ಲಿ, ‘ಸಿ’ಯದನ್ನು 10 ದಿನದಲ್ಲಿ, ‘ಡಿ’ಯದನ್ನು 120 ದಿನದಲ್ಲಿ ರಿಪೇರಿ ಮಾಡಬೇಕು. ದೋಷವನ್ನು ಬರೆದ ದಿನ ಲೆಕ್ಕಕ್ಕಿಲ್ಲ. ‘ಎ’ ಗುಂಪಿನ ಗಡುವು ಆಯಾ ಭಾಗದ ಎದುರಿಗೇ ಬರೆದಿರುತ್ತದೆ. ಲೈಸೆನ್ಸ್ ಇರುವ ಇಂಜಿನಿಯರ್ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ, ಸ್ವಿಚ್ಚಿನ ಪಕ್ಕ ಚೀಟಿ ಅಂಟಿಸುತ್ತಾರೆ. ಕ್ಯಾಪ್ಟನ್ ಅದನ್ನು ಓದಿ ಒಪ್ಪಬೇಕು. ಬೇಡ ಎನ್ನುವ ಹಕ್ಕೂ ಅವರಿಗಿದೆ. ನಿಜವಾಗಿ ಯೋಚಿಸಬೇಕಾದ್ದು ಎರಡು ದೋಷ ಒಟ್ಟಿಗಿದ್ದಾಗ. ಎಪಿಯು ಜೊತೆಗೆ ಇಂಜಿನ್ನಿನ ಒಂದು ಜನರೇಟರೂ ಕೆಟ್ಟರೆ ವಿದ್ಯುತ್ತಿಗೆ ಉಳಿಯುವ ಆಸರೆ ಒಂದೇ, ಆಗ ಎಪಿಯು ಇಲ್ಲದೆ ಬಿಡುವುದಿಲ್ಲ.

ಪ್ರಶ್ನೆ: 20,000 ಎಂಎಎಚ್ ಪವರ್ ಬ್ಯಾಂಕ್ ಒಯ್ಯಬಹುದೇ? ಚೆಕ್-ಇನ್ ಬ್ಯಾಗಿನಲ್ಲಿ ಏಕೆ ಬೇಡ? – ಓದುಗರು, ವೈಟ್‌ಫೀಲ್ಡ್

ಉತ್ತರ: ಕೈಚೀಲದಲ್ಲಿ ಒಯ್ಯಬಹುದು. ಎಂಎಎಚ್ ಅನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿ. ನಿಮ್ಮದು 74 ವ್ಯಾಟ್-ಅವರ್. 100ರ ಒಳಗಿದ್ದರೆ ಸಾಕು. 30,000 ಎಂಎಎಚ್ ಆದರೆ 111, ಅದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. 160 ದಾಟಿದರೆ ಇಲ್ಲವೇ ಇಲ್ಲ. ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದಿಡಬಹುದು.

ಸರಕಿನ ಕೋಣೆಯಲ್ಲಿ ಬೆಂಕಿ ಆರಿಸುವುದು ಹ್ಯಾಲಾನ್ ಅನಿಲ. ಅದು ಜ್ವಾಲೆ ನಂದಿಸುತ್ತದೆ, ಆದರೆ ಲಿಥಿಯಂ ಸೆಲ್ ತನ್ನೊಳಗೇ ಕಾದು ಪಕ್ಕದ ಸೆಲ್ಲನ್ನೂ ಕಾಯಿಸುತ್ತಾ ಹೋಗುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ನೀರು ಸುರಿದು ತಣಿಸಬೇಕು. ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿಯ ಕೈಗೆ ಸಿಗುತ್ತದೆ. ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಲೇಬೇಡಿ. ಒಳಗಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ಅವರೇ ತೆಗೆದುಕೊಡುತ್ತಾರೆ.