ಎಲೆಯ ಅಂಚು ಸುಟ್ಟಿದ್ದು ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ದ್ರಾಕ್ಷಿ ಬೆಳೆಯುವ ಓದುಗರೊಬ್ಬರದು. ತೋಟದ ಹತ್ತಿರ ಅಲ್ಯೂಮಿನಿಯಂ ಕಾರ್ಖಾನೆ ಇದೆ, ಎಲೆ ಅಂಚಿನಿಂದ ಒಣಗುತ್ತಿದೆ, ಕೇಳಿದರೆ ಪೊಟ್ಯಾಷ್ ಕಡಿಮೆ ಅಂತಾರೆ. "ಎಷ್ಟೋ ಮನೆಗಳು ಆ ಕಾರ್ಖಾನೆಯಿಂದಲೇ ನಡೆಯುತ್ತಿವೆ, ಸುಮ್ನೆ ಅದನ್ನು ದೂರುತ್ತಿದ್ದೀನಾ?" ಎಂದು ಕೇಳಿದ್ದಾರೆ.

ಇಲ್ಲ ಸ್ವಾಮಿ. ಇಷ್ಟೊಂದು ಅಳುಕು ಬೇಡ. ಕೆಲಸ ಕೊಡುವ ಕಾರ್ಖಾನೆ ಬೇಕು, ಒಪ್ಪುತ್ತೇನೆ. ಪೊಟ್ಯಾಷ್ ಕಡಿಮೆಯಾದರೂ, ಉಪ್ಪು ನೀರು ಹಾಯಿಸಿದರೂ ಅಂಚು ಸುಡುತ್ತದೆ ಅನ್ನೋದೂ ನಿಜ. ಆದರೆ ಪೊಟ್ಯಾಷ್ ಕೊರತೆ ಎಳೆ ಎಲೆಗಿಂತ ಬಲಿತ ಎಲೆಯಲ್ಲಿ ಮೊದಲು ಕಾಣುತ್ತದೆ. ಅಲ್ಯೂಮಿನಿಯಂ ತಯಾರಿಸುವಾಗ ಹೊರಬರುವ ಫ್ಲೋರೈಡ್ ಹೊಗೆ ಹಾಗಲ್ಲ, ಅದಕ್ಕೆ ಬೆಳೆಯುತ್ತಿರುವ ಎಳೆ ಎಲೆಯೇ ಬೇಗ ಸಿಕ್ಕಿಬೀಳುತ್ತದೆ. ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ, ನೀರಿನ ಜೊತೆ ಹರಿದು, ತುದಿ ಮತ್ತು ಅಂಚಿನಲ್ಲಿ ಶೇಖರವಾಗುತ್ತದೆ. ಸತ್ತ ಭಾಗಕ್ಕೂ ಹಸಿರಿಗೂ ನಡುವೆ ಪೆನ್ನಿನಲ್ಲಿ ಎಳೆದಂಥ ಕೆಂಗಂದು ಗೆರೆ ಬರುತ್ತದೆ. ಅದನ್ನು ನೋಡಿದ್ದೀರಾ? ಪೀಚ್ ಹಣ್ಣಿನಲ್ಲಂತೂ ಉಳಿದ ಭಾಗ ಕಾಯಿಯಾಗಿದ್ದಾಗಲೇ ಹೊಲಿಗೆಯಂಥ ಗೆರೆಯುದ್ದಕ್ಕೂ ಕೆಂಪಾಗಿ, ಮೆತ್ತಗಾಗಿ, ಮಾರಾಟಕ್ಕೇ ಬರೋದಿಲ್ಲ.

ಇಟ್ಟಿಗೆ ಭಟ್ಟಿಯ ಹೊಗೆಯಿಂದ ಮಾವಿನಕಾಯಿಯ ತುದಿ ಕಪ್ಪಾಗೋದು ಗೊತ್ತಿರುವ ಸಂಗತಿಯೇ. ಅದಕ್ಕೆ ಬೋರಾಕ್ಸ್ ಸಿಂಪಡಿಸಿ ಅಂತ ಸಲಹೆ ಕೊಡುತ್ತಾರೆ. ಹೊಗೆ ಬಿಡುವವರು ಒಬ್ಬರು, ಔಷಧಿಗೆ ದುಡ್ಡು ಸುರಿಯುವವರು ಇನ್ನೊಬ್ಬರು. ನನಗೆ ಸಿಟ್ಟು ಬರೋದೇ ಇಲ್ಲಿ.

ಕೆನಡಾದ ಟ್ರೇಲ್ ಊರಿನ ಸೀಸ, ಸತುವಿನ ಕಾರ್ಖಾನೆಯ ಗಂಧಕದ ಹೊಗೆ ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಳೆ, ಮರಗಳನ್ನು ಹಾಳು ಮಾಡಿತ್ತು. ವಿವಾದ 1928ರಲ್ಲಿ ಎರಡೂ ದೇಶಗಳ ಜಂಟಿ ಆಯೋಗಕ್ಕೆ ಹೋಯಿತು, ಕೊನೆಯ ತೀರ್ಪು ಬಂದಿದ್ದು 1941ರಲ್ಲಿ. ಬೇರೆ ದೇಶಕ್ಕೆ ಹೊಗೆಯಿಂದ ಹಾನಿ ಮಾಡುವ ಹಕ್ಕು ಯಾವ ದೇಶಕ್ಕೂ ಇಲ್ಲ ಅಂದ ಆ ತೀರ್ಪೇ, ಹಾನಿ ಗಂಭೀರವಾಗಿರಬೇಕು, ಸ್ಪಷ್ಟ ಸಾಕ್ಷಿ ಬೇಕು ಅಂತಲೂ ಹೇಳಿತು. ವಿಜ್ಞಾನಿಗಳನ್ನು ಇಟ್ಟುಕೊಂಡ ಎರಡು ಸರ್ಕಾರಗಳಿಗೇ 13 ವರ್ಷ ಬೇಕಾಯಿತು. ಒಂದು ತೋಟದ ಮಾಲೀಕರು ಆ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಚಿಮಣಿ ಅವರದಲ್ಲ, ಅಳೆಯುವ ಯಂತ್ರವೂ ಅವರದಲ್ಲ. ಮನುಷ್ಯರಿಗೆ ಗೊತ್ತೇ ಆಗದಷ್ಟು ಕಡಿಮೆ ಫ್ಲೋರೈಡ್ ಕೂಡ ದ್ರಾಕ್ಷಿ, ಏಪ್ರಿಕಾಟ್ ಎಲೆಯನ್ನು ಸುಡುತ್ತದೆ. ಗಾಳಿ ಉಸಿರಾಡಲು ಯೋಗ್ಯವಾಗಿದೆ ಅನ್ನುವ ವರದಿ ಬಳ್ಳಿಗೂ ಸಾಕಾಗುತ್ತಾ?

ಹಾಗಾಗಿ ಪೊಟ್ಯಾಷ್ ಚೀಲ ಕೊಳ್ಳುವ ಮೊದಲು ಎಲೆ ಪರೀಕ್ಷೆ ಮಾಡಿಸಿ. ಕಾರ್ಖಾನೆ ಕಡೆಯ ಸಾಲಿನಿಂದ ಒಂದಷ್ಟು, ದೂರದ ಸಾಲಿನಿಂದ ಒಂದಷ್ಟು, ಗಾಳಿ ಎಂದೂ ಆ ಹೊಗೆ ತರದ ಬೇರೆ ತೋಟದಿಂದ ಒಂದಷ್ಟು. ಒಂದೇ ವಯಸ್ಸಿನ ಎಲೆಗಳಿರಲಿ. ಮೂರರಲ್ಲೂ ಫ್ಲೋರೈಡ್ ಎಷ್ಟಿದೆ, ಪೊಟ್ಯಾಷ್ ಎಷ್ಟಿದೆ ಅಂತ ಬರೆಸಿಕೊಳ್ಳಿ. ಗಾಳಿ ಯಾವ ದಿನ ಯಾವ ಕಡೆಯಿಂದ ಬೀಸಿತು ಅಂತ ದಿನಚರಿ ಇಡಿ, ತಾರೀಖು ಹಾಕಿ ಫೋಟೋ ತೆಗೆದಿಡಿ. ಫಲಿತಾಂಶ ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ಏನೇ ಬಂದಿದ್ದರೂ ಪೂರ್ತಿ ಪ್ರಕಟಿಸುತ್ತೇವೆ.

— ಸಂಪಾದಕ